ಗೌಜಲಕ್ಕಿಯ ಬೆಂಕಿ

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಹೊಂಡವಿತ್ತು. ಮಳೆಗಾಲದಲ್ಲಿ ಅದನ್ನು ಕೆರೆ ಎನ್ನಬಹುದಿತ್ತು, ಬೇಸಿಗೆಯಲ್ಲಿ ಕೆಸರು ಎನ್ನಬಹುದಿತ್ತು. ಅಲ್ಲಿದ್ದವರು ಮಾತ್ರ ವರ್ಷವಿಡೀ ಅದನ್ನು ಸಮುದ್ರ ಎನ್ನುತ್ತಿದ್ದರು. ಅವರಲ್ಲಿ ಯಾರೂ ಸಮುದ್ರವನ್ನು ನೋಡಿರಲಿಲ್ಲ. ಆದ್ದರಿಂದ ಹಾಗೆ ಕರೆಯಲು ಅಡ್ಡಿಯೇನೂ ಇರಲಿಲ್ಲ.

ಸಮುದ್ರದ ದಂಡೆಯಲ್ಲಿ ಮುದಿ ಆಮೆಯಜ್ಜ ಇದ್ದ. ಪಕ್ಕದ ಬಂಡೆಯ ಮೇಲೆ ಓತಿಕ್ಯಾತ ಇದ್ದ. ಯಾರು ಏನು ಹೇಳಿದರೂ ತಲೆಯಾಡಿಸುವುದು ಓತಿಕ್ಯಾತನ ಹುಟ್ಟುಗುಣ. ಹೀಗಾಗಿ ಅವನಿಗೆ ಶತ್ರುಗಳೇ ಇರಲಿಲ್ಲ. ಹೊಂಡದಿಂದ ಸ್ವಲ್ಪ ಮುಂದೆ ಹೋದರೆ ಒಂದು ಕಲ್ಲುದಿಬ್ಬ. ದಿಬ್ಬದ ಆಚೆ, ಗುಡ್ಡದ ಬುಡದವರೆಗೆ, ಜಿಂಕೆ ಮಲಗಿದರೂ ಕಾಣದಷ್ಟು ಎತ್ತರದ ಕರಡದ ಹುಲ್ಲು. ಆ ಹುಲ್ಲಿನ ನಡುವೆ ಒಂದು ಹುತ್ತವಿತ್ತು. ಹುತ್ತದ ಪಕ್ಕದಲ್ಲಿ ಒಂದು ಗೌಜಲಕ್ಕಿ ಇದ್ದಳು. ಎಲ್ಲರೂ ಅವಳನ್ನು ಗೌಜಕ್ಕ ಎನ್ನುತ್ತಿದ್ದರು.

ಗೌಜಕ್ಕ ಕೆಟ್ಟವಳಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕತೆಗಳಲ್ಲಿ ಹೆಚ್ಚು ಮಾತಾಡುವವರನ್ನು ಮೊದಲ ಪುಟದಲ್ಲೇ ಕೆಟ್ಟವರ ಸಾಲಿಗೆ ಸೇರಿಸುವ ರೂಢಿಯಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಇದ್ದದ್ದನ್ನೇ ಹೇಳುತ್ತಿದ್ದಳು, ಸ್ವಲ್ಪ ದೊಡ್ಡದಾಗಿ. ಹಸಿವಾದರೆ "ಸತ್ತೆ" ಎನ್ನುತ್ತಿದ್ದಳು. ಹೊಟ್ಟೆ ಬಿರಿಯೆ ತಿಂದಾಗಲೂ "ಸತ್ತೆ" ಎನ್ನುತ್ತಿದ್ದಳು. ಇಷ್ಟು ಸಲ ಸತ್ತೂ ಅವಳ ಆರೋಗ್ಯ ಚೆನ್ನಾಗಿಯೇ ಇತ್ತು.

ಅವಳಿಗೆ ತುಂಬ ಇಷ್ಟವಾದ ಮಾತು ಬೆಂಕಿ. ಬಿಸಿಲು ಬೆಂಕಿ. ಬಂಡೆ ಬೆಂಕಿ. ಆಮೆಯಜ್ಜ ಒಮ್ಮೆ ಸೂಜಿಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸಿದಾಗ ಅದು "ನಿಜವಾದ ಬೆಂಕಿ." ಬೇಸಿಗೆ ಬಂದು ಓತಿಕ್ಯಾತನ ಕತ್ತು ಕೆಂಪಾದಾಗ, "ಅಯ್ಯೋ, ನಿನ್ನ ಕತ್ತಿಗೆ ಬೆಂಕಿ ಬಿದ್ದಿದೆಯಲ್ಲೋ, ಆಣೆ ಮಾಡಿ ಹೇಳ್ತೀನಿ" ಎಂದಳು. ಓತಿಕ್ಯಾತ ಅದನ್ನು ಹೊಗಳಿಕೆಯೆಂದು ತಿಳಿದು, ಎಲ್ಲರಿಗೂ ಕಾಣಲಿ ಎಂದು ಇನ್ನೂ ಎತ್ತರದ ಬಂಡೆಗೆ ಮನೆ ಬದಲಾಯಿಸಿದ.

ಇದರಿಂದ ಯಾರಿಗೂ ನಷ್ಟವಿರಲಿಲ್ಲ. ನೇರವಾಗಿ ಹೇಳಬೇಕೆಂದರೆ ಲಾಭವೇ ಇತ್ತು. ಅದು ಏನೂ ನಡೆಯದ ಕಾಡು. ಒಂದು ಎಲೆ ಉದುರಿದರೆ ಅದೇ ಆ ದಿನದ ಸುದ್ದಿ. "ಒಂದು ಎಲೆ ಉದುರಿತು" ಎಂದರೆ ಯಾರು ತಾನೇ ತಿರುಗಿ ನೋಡುತ್ತಾರೆ? ಗೌಜಕ್ಕ ಓಡಿಬಂದು "ಕಾಡಿಗೆ ಕಾಡೇ ಬೋಳಾಗಿಹೋಯ್ತು" ಎಂದಾಗ ಎಲ್ಲರೂ ತಲೆಯೆತ್ತಿ ಆ ಒಂದು ಎಲೆಯ ಕಡೆ ನೋಡುತ್ತಿದ್ದರು, ಅದಕ್ಕಾಗಿ ಸ್ವಲ್ಪ ಮರುಗುತ್ತಲೂ ಇದ್ದರು. ಮಾತು ದೊಡ್ಡದಾದ್ದರಿಂದಲೇ ಆ ಚಿಕ್ಕ ಎಲೆ ಕಣ್ಣಿಗೆ ಬೀಳುತ್ತಿತ್ತು.

ಅದಕ್ಕೆ ತಕ್ಕಂತೆ ಹೊಂಡದವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಅವರು ಅದನ್ನು ಕಳೆದು ಕೇಳುವುದು ಎನ್ನುತ್ತಿದ್ದರು. ಗೌಜಕ್ಕ ಪ್ರವಾಹ ಎಂದರೆ ಎರಡು ಹನಿ. ಬೆಟ್ಟ ಎಂದರೆ ಬೆಣಚುಕಲ್ಲು. ಹೇಳುವವಳಿಗೆ ಎಷ್ಟು ಕೂಡಿಸಬೇಕೆಂದು ಗೊತ್ತಿತ್ತು, ಕೇಳುವವರಿಗೆ ಎಷ್ಟು ಕಳೆಯಬೇಕೆಂದು ಗೊತ್ತಿತ್ತು. ಲೆಕ್ಕ ಸರಿಹೋಗುತ್ತಿತ್ತು.

ಅಲ್ಲಿಗೆ ಒಂದು ದಿನ ಹೊಸಬಳೊಬ್ಬಳು ಬಂದಳು.

ಅವಳು ಒಂದು ಮೊಲ. ಹೊಟ್ಟೆಯಲ್ಲಿ ಮರಿಗಳಿದ್ದವು. ಎಡಗಿವಿಯ ತುದಿ ಸುಟ್ಟು ಕರಕಲಾಗಿತ್ತು.

"ಯಾವ ಕಡೆಯವಳಮ್ಮ?" ಎಂದು ಆಮೆಯಜ್ಜ ಕೇಳಿದ.

"ಹೊಳೆಯಾಚೆಯ ಹುಲ್ಲುಗಾವಲು, ಅಜ್ಜ. ಅದು ಸುಟ್ಟುಹೋಯ್ತು."

ಆಮೆಯಜ್ಜ ಮನಸ್ಸಿನಲ್ಲೇ ಕಳೆದು ನೋಡಿದ. ಹುಲ್ಲು ಸ್ವಲ್ಪ ಒಣಗಿರಬೇಕು. "ಈ ಬೇಸಿಗೆ ಎಲ್ಲ ಕಡೆಯೂ ಹಾಗೇ ಕಣಮ್ಮ" ಎಂದ. ಓತಿಕ್ಯಾತ ತಲೆಯಾಡಿಸಿದ.

ಮೊಲಕ್ಕೆ ಗೌಜಕ್ಕನನ್ನು ಕಂಡರೆ ಮೊದಲ ದಿನವೇ ಇಷ್ಟವಾಯಿತು. ತನ್ನ ಹುಲ್ಲಿನಲ್ಲೇ ಜಾಗ ತೋರಿಸಿದವಳು ಗೌಜಕ್ಕ. ಎಲ್ಲಿ ಗರಿಕೆ ಚೆನ್ನಾಗಿದೆ, ಯಾವ ಕಾರೆಗಿಡದ ಹಣ್ಣು ಸಿಹಿ, ನರಿ ಯಾವ ದಾರಿಯಲ್ಲಿ ಓಡಾಡುತ್ತದೆ, ಎಲ್ಲವನ್ನೂ ಹೇಳಿಕೊಟ್ಟಳು. ಎಲ್ಲವನ್ನೂ ಸ್ವಲ್ಪ ದೊಡ್ಡದಾಗಿಯೇ ಹೇಳಿಕೊಟ್ಟಳು. ಗರಿಕೆಯನ್ನು "ಸತ್ಯವಾಗಿ ಅಮೃತ" ಎಂದಳು. ಪಾಪ, ಅದನ್ನು ಹಾಗೇ ನಂಬಿ ತಿಂದ ಮೊಲ, "ಗರಿಕೆಯ ಹಾಗೇ ಇದೆಯಲ್ಲ ಅಕ್ಕ" ಎಂದಳು.

ಆಗ ಮುತ್ತುಗ ಹೂ ಬಿಡುವ ಕಾಲ. ಮುತ್ತುಗದ ಮರ ಎಲೆಯನ್ನೆಲ್ಲ ಉದುರಿಸಿ ಮೈತುಂಬ ಕೆಂಪು ಹೂ ಹೊರುತ್ತದೆ. ಒಂದು ಬೆಳಿಗ್ಗೆ ಗೌಜಕ್ಕ ಹುತ್ತ ಹತ್ತಿ ನೋಡುತ್ತಾಳೆ, ಇಳಿಜಾರೆಲ್ಲ ಕೆಂಪು. ಇಂಥದ್ದನ್ನು ಒಬ್ಬಳೇ ನೋಡಿಕೊಂಡು ಕೂರಲು ಅವಳಿಂದಾಗುತ್ತದೆಯೇ? ಹೊಂಡದ ಕಡೆ ಓಡುತ್ತ ಕೂಗಿದಳು.

"ಬೆಂಕಿ, ಬೆಂಕಿ. ಗುಡ್ಡ ಹೊತ್ತಿಕೊಂಡಿದೆ. ಎಲ್ಲ ಬನ್ನಿ."

ಮೊಲ ದಂಡೆಯಲ್ಲಿ ನೀರು ಕುಡಿಯುತ್ತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಬಸುರಿನ ಹೊಟ್ಟೆ ಹೊತ್ತುಕೊಂಡು ನೇರ ಹೊಂಡದ ನಡುವಿಗೆ ಹಾರಿದಳು. ಮೊಲಗಳಿಗೆ ನೀರೆಂದರೆ ಆಗುವುದಿಲ್ಲ. ಆದರೂ ಕುತ್ತಿಗೆಯವರೆಗೆ ಕೆಸರಿನಲ್ಲಿ ಹೂತು, ಗಡಗಡ ನಡುಗುತ್ತ, ಕಣ್ಣು ಮುಚ್ಚಿ ನಿಂತಳು.

ಮೊದಲು ನಕ್ಕವನು ಓತಿಕ್ಯಾತ. ಆಮೇಲೆ ಆಮೆಯಜ್ಜ ನಕ್ಕ. ಗೌಜಕ್ಕನಂತೂ ನಕ್ಕು ನಕ್ಕು, ತನ್ನ ಮಾತಿನಲ್ಲೇ ಹೇಳುವುದಾದರೆ, ಸತ್ತಳು.

"ಮುತ್ತುಗ ಕಣೇ ತಂಗಿ, ಮುತ್ತುಗ ಹೂ ಬಿಟ್ಟಿದೆ. ನೋಡೋಕೆ ಬನ್ನಿ ಅಂದೆ."

"ಬೆಂಕಿ ಅಂದೆಯಲ್ಲಕ್ಕ."

"ಹಾಗನ್ನದೆ ಹೂವು ಅಂದಿದ್ದರೆ ಯಾರು ಬರ್ತಿದ್ದರು?"

ಮೊಲವನ್ನು ಎಲ್ಲರೂ ಸೇರಿ ಕೆಸರಿನಿಂದ ಎಳೆದರು. ಆಮೆಯಜ್ಜ ಅವಳನ್ನು ಬಿಸಿಲಿಗೆ ಕೂರಿಸಿ ನಿಧಾನವಾಗಿ ವಿವರಿಸಿದ. "ಇಲ್ಲಿ ಕೇಳಮ್ಮ. ನಮ್ಮಲ್ಲಿ ಮಾತನ್ನ ಹಾಗೇ ನುಂಗಬಾರದು. ಸಿಪ್ಪೆ ತೆಗೆದು ತಿನ್ನಬೇಕು. ಗೌಜಕ್ಕ ಹತ್ತು ಹೇಳಿದರೆ ಒಂಬತ್ತು ಕಳಿ. ಉಳಿದ ಒಂದು ಖಂಡಿತ ನಿಜ. ಅವಳು ಸುಳ್ಳುಗಾತಿಯಲ್ಲ."

"ಬೆಂಕಿಯಲ್ಲಿ ಕಳೆದರೆ ಏನು ಉಳಿಯುತ್ತೆ ಅಜ್ಜ?"

"ಬಿಸಿಲು. ಇಲ್ಲಾಂದರೆ ಹೂವು. ಇಲ್ಲಾಂದರೆ ಮೆಣಸಿನಕಾಯಿ. ಸಂದರ್ಭ ನೋಡಿಕೊಳ್ಳಬೇಕು."

ಮೊಲ ತನ್ನ ಸುಟ್ಟ ಕಿವಿಯನ್ನು ಮುಟ್ಟಿಕೊಂಡಳು. ಅವಳು ಹುಟ್ಟಿದ ಕಡೆ ಬೆಂಕಿಯಲ್ಲಿ ಏನನ್ನೂ ಕಳೆಯುತ್ತಿರಲಿಲ್ಲ. ಬೆಂಕಿಯೇ ಕಳೆಯುತ್ತಿತ್ತು. ಆದರೆ ಹೊಸ ಜಾಗದಲ್ಲಿ ಎಲ್ಲರೂ ನಗುತ್ತಿರುವಾಗ ತಾನೊಬ್ಬಳೇ ಒದ್ದೆಯಾಗಿ ಕೂರುವುದು ಕಷ್ಟ. ಅವಳೂ ನಕ್ಕಳು. ಅಂದಿನಿಂದ ಕಲಿಯತೊಡಗಿದಳು.

ಚೆನ್ನಾಗಿಯೇ ಕಲಿತಳು. ಗೌಜಕ್ಕ "ಬೆಂಕಿ" ಎಂದಾಗ ಮೊದಮೊದಲು ಅವಳ ಹಿಂಗಾಲು ತಾನಾಗಿ ಬಿಗಿಯಾಗುತ್ತಿತ್ತು. ಆಮೇಲೆ ಕಿವಿ ಮಾತ್ರ ನೆಟ್ಟಗಾಗುತ್ತಿತ್ತು. ಕೊನೆಗೆ ಅದೂ ನಿಂತಿತು. "ಈಗ ನೀನು ನಮ್ಮವಳಾದೆ ನೋಡು" ಎಂದು ಆಮೆಯಜ್ಜ ಮೆಚ್ಚಿಕೊಂಡ. ಓತಿಕ್ಯಾತ ತಲೆಯಾಡಿಸಿದ.

ಅಷ್ಟರಲ್ಲಿ ಮರಿಗಳು ಹುಟ್ಟಿದವು. ಒಂದು ಹೆಣ್ಣು, ಒಂದು ಗಂಡು. ಕಾಡುಮೊಲದ ಬಾಳು ವಿಚಿತ್ರ, ಮಕ್ಕಳೇ. ತಾಯಿ ಮರಿಗಳ ಹತ್ತಿರ ಇದ್ದರೆ ಅವಳ ವಾಸನೆ ಹಿಡಿದು ನರಿ ಬರುತ್ತದೆ. ಅದಕ್ಕೇ ಅವಳು ಮರಿಗಳನ್ನು ಹುಲ್ಲಿನಲ್ಲಿ ಅಡಗಿಸಿಟ್ಟು, ಹಗಲೆಲ್ಲ ದೂರದಲ್ಲೇ ಇದ್ದು, ಸಂಜೆ ಮಾತ್ರ ಹೋಗಿ ಹಾಲು ಕೊಡುತ್ತಾಳೆ. ಮರಿಗಳು ಅಲ್ಲಾಡದೆ ಬಿದ್ದಿರಬೇಕು. ಅವುಗಳ ಪ್ರಾಣ ಇರುವುದು ಅದರಲ್ಲೇ. ಎಲ್ಲಿ ಅಡಗಿಸಿದ್ದಾಳೆಂದು ಮೊಲ ಗೌಜಕ್ಕನಿಗೂ ಹೇಳಿರಲಿಲ್ಲ.

ಹೆಣ್ಣುಮರಿ ಚುರುಕು. ಹುತ್ತದ ಮೇಲಿಂದ ಗೌಜಕ್ಕ ಆಡುವ ಮಾತನ್ನೆಲ್ಲ ಹುಲ್ಲಿನೊಳಗೇ ಕೇಳಿಸಿಕೊಂಡು ಸಂಜೆ ತಾಯಿಯ ಮುಂದೆ ಒಪ್ಪಿಸುತ್ತಿದ್ದಳು. "ಅಮ್ಮ, ಇವತ್ತು ಪ್ರವಾಹ ಬಂದಿತ್ತಂತೆ. ಅಂದರೆ ಎರಡು ಹನಿ, ಅಲ್ವಾ?" ಗಂಡುಮರಿ ಮೆದು ಸ್ವಭಾವದವನು. ಹೇಳಿದ್ದನ್ನು ಹೇಳಿದಂತೆ ಕೇಳುವವನು.

ಒಂದು ಸಂಜೆ ತಾಯಿ ಬಂದಾಗ ಮರಿಗಳೆರಡೂ ಜಾಗ ಬಿಟ್ಟು ಒಂದು ಮಿಡತೆಯ ಹಿಂದೆ ಹೋಗಿದ್ದವು. ಮೊಲ ಅವನ್ನು ಜಾಗಕ್ಕೆ ಅಟ್ಟಿಕೊಂಡು ಬಂದಳು. ಮೊದಲಾಗಿದ್ದರೆ "ಅಲ್ಲಾಡಬೇಡಿ, ನರಿ ನೋಡುತ್ತೆ" ಎಂದಷ್ಟೇ ಹೇಳುತ್ತಿದ್ದಳು. ಆದರೆ ಅವಳೀಗ ಹೊಂಡದವಳು. ಹೊಂಡದ ಮಾತೇ ಬಾಯಿಗೆ ಬಂತು.

"ಇನ್ನೊಂದು ಸಲ ಜಾಗ ಬಿಟ್ಟು ಅಲ್ಲಾಡಿದರೆ ಸತ್ತೇ ಹೋಗ್ತೀರಿ. ಆಕಾಶವೇ ಕಳಚಿ ಬಿದ್ದರೂ ನಾನು ಬರೋತನಕ ಒಂದು ಕೂದಲೂ ಅಲ್ಲಾಡಕೂಡದು. ತಿಳೀತಾ?"

"ತಿಳೀತು" ಎಂದವು ಎರಡೂ. ಎರಡಕ್ಕೂ ತಿಳಿದದ್ದು ಒಂದೇ ಎಂದು ಮೊಲ ಅಂದುಕೊಂಡಳು.

ಮುತ್ತುಗದ ಹೂ ಮುಗಿಯಿತು. ಬಿಸಿಲು ಏರಿತು. ಕರಡದ ಹುಲ್ಲು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತು. ಒಂದು ಮಧ್ಯಾಹ್ನ ಗುಡ್ಡದ ಬುಡದಲ್ಲಿ ಹೇಗೋ ಕಿಡಿ ಬಿತ್ತು. ಹೇಗೆಂದು ಗೊತ್ತಿಲ್ಲ. ಇಂಥ ಕೆಲಸ ಮಾಡಿದವರು ಬಂದು ಹೇಳಿಕೊಳ್ಳುವ ಪದ್ಧತಿ ಯಾವ ಕಾಡಿನಲ್ಲೂ ಇಲ್ಲ.

ಗೌಜಕ್ಕ ಹುತ್ತದ ಮೇಲಿದ್ದಳು. ಮೊದಲು ಹೊಗೆ ಕಂಡಿತು, ಆಮೇಲೆ ಹುಲ್ಲಿನ ತಲೆಯ ಮೇಲೆ ಓಡುವ ಒಂದು ಕೆಂಪು ಗೆರೆ. ಅವಳು ತನ್ನ ಬದುಕಿನಲ್ಲಿ ಬೆಂಕಿಯನ್ನು ನೋಡಿದ್ದು ಅದೇ ಮೊದಲು.

"ಬೆಂಕಿ" ಎಂದು ಹುಲ್ಲಿಗೆಲ್ಲ ಕೇಳುವಂತೆ ಕೂಗಿದಳು. "ಮರಿಗಳೇ, ಬೆಂಕಿ, ಎಲ್ಲಿದ್ದೀರಿ?"

ಹುಲ್ಲು ಅಲ್ಲಾಡಲಿಲ್ಲ. ಅವಳು ದಿಬ್ಬ ದಾಟಿ ಹೊಂಡಕ್ಕೆ ಹಾರಿಬಂದಳು. ಗೌಜಲಕ್ಕಿಗಳು ತೀರಾ ಅಗತ್ಯ ಬಿದ್ದ ಹೊರತು ಹಾರುವುದಿಲ್ಲ. ಗಾಳಿ ಅಡ್ಡ ಬೀಸುತ್ತಿದ್ದರಿಂದ ಹೊಗೆ ಇತ್ತ ಬಂದಿರಲಿಲ್ಲ. ದಿಬ್ಬದ ಮರೆಯಲ್ಲಿ ಗುಡ್ಡದ ಬುಡವೂ ಕಾಣುತ್ತಿರಲಿಲ್ಲ. ಆಮೆಯಜ್ಜ ಅರ್ಧ ಕೆಸರಿನಲ್ಲಿದ್ದ, ಓತಿಕ್ಯಾತ ಬಂಡೆಯ ನೆರಳಿನಲ್ಲಿದ್ದ, ಮೊಲ ಕಾರೆಗಿಡದ ಅಡಿಯಲ್ಲಿ ಕಣ್ಣು ಮುಚ್ಚಿದ್ದಳು.

"ಬೆಂಕಿ" ಎಂದಳು ಗೌಜಕ್ಕ.

"ಹೂಂ, ಇವತ್ತು ಸ್ವಲ್ಪ ಜಾಸ್ತೀನೇ" ಎಂದ ಆಮೆಯಜ್ಜ. "ಕೆಸರಿಗೆ ಬಾರಮ್ಮ, ತಂಪಾಗಿದೆ."

"ಬಿಸಿಲಲ್ಲ ಅಜ್ಜ. ಗುಡ್ಡ ಹೊತ್ತಿಕೊಂಡಿದೆ."

"ಮುತ್ತುಗ ಇನ್ನೂ ಹೂ ಬಿಡ್ತಾ ಇದೆಯಾ?" ಎಂದಳು ಮೊಲ, ಕಣ್ಣು ತೆರೆಯದೆ. ಎಷ್ಟು ಸರಿಯಾಗಿ ಕಳೆದೆ ಎಂದು ಅವಳಿಗೇ ಒಂಚೂರು ಹೆಮ್ಮೆಯಾಯಿತು.

"ಹೂವಲ್ಲ ತಂಗಿ, ಬೆಂಕಿ. ನಿಜವಾದ ಬೆಂಕಿ."

"ನಿಜವಾದ ಬೆಂಕಿ ಅಂದರೆ ನನ್ನ ಮೆಣಸಿನಕಾಯಿ" ಎಂದು ಆಮೆಯಜ್ಜ ನಕ್ಕ. "ಅದನ್ನ ಇನ್ನೂ ಮರೆತಿಲ್ಲವಲ್ಲ ನೀನು."

"ಆಣೆ ಮಾಡಿ ಹೇಳ್ತೀನಿ."

ಓತಿಕ್ಯಾತ ಸಂಕೋಚದಿಂದ ತನ್ನ ಕೆಂಪು ಕತ್ತನ್ನು ಮುಟ್ಟಿಕೊಂಡು, "ಸಾಕು ಬಿಡಕ್ಕ, ಎಷ್ಟು ಹೊಗಳ್ತೀಯ" ಎಂದ.

ಗೌಜಕ್ಕ ಇನ್ನೊಂದು ಮಾತಿಗಾಗಿ ಹುಡುಕಿದಳು. ಸತ್ಯವಾಗಿ? ಅದನ್ನು ಗರಿಕೆಗೆ ಹಾಕಿದ್ದಾಗಿತ್ತು. ಸಾಯುತ್ತಾರೆ? ಅವಳೇ ದಿನಕ್ಕೆರಡು ಸಲ ಸಾಯುತ್ತಿದ್ದಳು. ಇರುವ ದೊಡ್ಡ ಮಾತುಗಳನ್ನೆಲ್ಲ ಎಲೆಗೆ, ಹನಿಗೆ, ಮೆಣಸಿನಕಾಯಿಗೆ ಕೊಟ್ಟು ಮುಗಿಸಿದ್ದಳು. ಬೆಂಕಿಗೆ ಕೊಡಲು ಒಂದೂ ಉಳಿದಿರಲಿಲ್ಲ.

ಗಮನಿಸಿ ಮಕ್ಕಳೇ, ಅಲ್ಲಿ ಯಾರೂ ಅವಳನ್ನು ನಂಬದೆ ಇರಲಿಲ್ಲ. ಎಲ್ಲರಿಗೂ ಅವಳ ಮೇಲೆ ಪ್ರೀತಿಯೇ ಇತ್ತು. ಅವಳ ಮಾತನ್ನು ಎಂದಿನಂತೆ ಅರ್ಥ ಮಾಡಿಕೊಂಡರು. ತಪ್ಪಾದದ್ದೇ ಅಲ್ಲಿ.

ಗೌಜಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಮೊಲದ ಎದುರಿಗೆ ಹೋಗಿ, ಕೊಕ್ಕು ತೆರೆದುಕೊಂಡೇ, ಸುಮ್ಮನೆ ನಿಂತಳು.

ಸದ್ದು ನಿಂತದ್ದಕ್ಕೆ ಮೊಲ ಕಣ್ಣು ತೆರೆದಳು. ಗೌಜಕ್ಕ ಸುಮ್ಮನಿದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅದರಲ್ಲಿ ಕಳೆಯುವಂಥದ್ದು ಏನೂ ಇರಲಿಲ್ಲ. ಅವಳ ಸುಟ್ಟ ಕಿವಿ ನೆಟ್ಟಗಾಯಿತು, ಹಿಂಗಾಲು ಬಿಗಿಯಾಯಿತು. ದಿಬ್ಬದ ಕಡೆ ಓಡಿದಳು.

ದಿಬ್ಬದ ಕಲ್ಲುನೆಲ ಹತ್ತುವಷ್ಟರಲ್ಲಿ ಬೆಂಕಿಯೂ ಅಲ್ಲಿಗೆ ಬಂದು, ಮುಂದೆ ತಿನ್ನಲು ಹುಲ್ಲಿಲ್ಲದೆ, ನಿಂತುಬಿಟ್ಟಿತ್ತು. ಆಚೆಗೆಲ್ಲ ಕಪ್ಪು. ಹುತ್ತವೊಂದೇ ನಿಂತಿತ್ತು.

ಕಲ್ಲುಗಳ ಸಂದಿಯಲ್ಲಿ ಹೆಣ್ಣುಮರಿ ಕೂತಿದ್ದಳು. ಮೀಸೆ ಸುಟ್ಟಿತ್ತು, ಮೈಯಲ್ಲ.

"ತಮ್ಮ ಎಲ್ಲಿ?"

ಮರಿ ಕಪ್ಪಾದ ನೆಲದ ಕಡೆ ನೋಡಿದಳು.

"ಗೌಜಕ್ಕ ಕೂಗಿದ್ದು ಕೇಳಿಸ್ತು ಅಮ್ಮ. ಬಿಸಿಲು ಅಂತ ಅಂದುಕೊಂಡ್ವಿ. ಆಮೇಲೆ ಮೈ ಸುಡೋಕೆ ಶುರುವಾಯ್ತು. ಬಾರೋ ಓಡೋಣ ಅಂದೆ. ಅಲ್ಲಾಡಿದರೆ ಸತ್ತೇ ಹೋಗ್ತೀವಿ ಅಂತ ಅಮ್ಮ ಹೇಳಿದಾಳೆ ಅಂದ."

"ನೀನು?"

"ನೀನು ದೊಡ್ಡದಾಗಿ ಹೇಳಿದೀಯ ಅಂತ ನಾನು ಕಳೆದು ಕೇಳಿದ್ದೆ ಅಮ್ಮ. ಅವನು ಕಳೀಲಿಲ್ಲ."

ಮೊಲ ನೆಲ ತಣ್ಣಗಾಗುವವರೆಗೆ ಅಲ್ಲೇ ಕೂತಿದ್ದಳು. ಆಮೇಲೆ ಒಬ್ಬಳೇ ಆಚೆ ಹೋಗಿ ಬಂದಳು. ಅವನು ಅವಳು ಇಟ್ಟ ಜಾಗದಲ್ಲೇ ಇದ್ದ.

ಮರುದಿನ ಹೊಂಡದವರು ಸಾಂತ್ವನ ಹೇಳಲು ಬಂದರು. ಆಮೆಯಜ್ಜ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ತಲುಪಿದ. ಓತಿಕ್ಯಾತ ಮುಂದೆ ಬಂದು, "ಎದೆ ಒಡೆದು ಚೂರುಚೂರಾಯ್ತಕ್ಕ. ಅತ್ತು ಅತ್ತು ಸಮುದ್ರವೇ ತುಂಬಿಹೋಯ್ತು" ಎಂದ.

ಅವನ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಮೊಲ ಕೊಂಕಿಲ್ಲದೆ, ಗೊತ್ತಿಲ್ಲದವರು ದಾರಿ ಕೇಳುವ ಹಾಗೆ ಕೇಳಿದಳು. "ಇದರಲ್ಲಿ ಎಷ್ಟು ಕಳೀಲಿ ಅಣ್ಣ?"

ಅಂದು ಓತಿಕ್ಯಾತನ ತಲೆ ಆಡಲಿಲ್ಲ.

"ನಾನೇ ಕಲಿಸಿದ್ದು ನಿನಗೆ, ಕಳೆಯೋದನ್ನ" ಎಂದ ಆಮೆಯಜ್ಜ.

"ನೀವು ಹೇಳಿಕೊಟ್ಟಿರಿ ಅಜ್ಜ. ಕಲಿತವಳು ನಾನು. ಬಂದ ದಿನ ನನಗೆ ಬೆಂಕಿ ಅಂದರೆ ಏನು ಅಂತ ಗೊತ್ತಿತ್ತು."

ಮೊಲ ಮಗಳನ್ನು ಕರೆದುಕೊಂಡು ಹೊರಟಳು. ಸುಟ್ಟ ಹುಲ್ಲಿನಲ್ಲಿ ಅಡಗಲು ಜಾಗವಿರಲಿಲ್ಲ. ಹೊಂಡದ ಹತ್ತಿರ ಇರಲು ಮನಸ್ಸಿರಲಿಲ್ಲ. ದಾರಿಯಲ್ಲಿ ಗೌಜಕ್ಕ ನಿಂತಿದ್ದಳು. ಹಿಂದಿನ ಮಧ್ಯಾಹ್ನದಿಂದ ಅವಳು ಬಾಯಿ ತೆರೆದಿರಲಿಲ್ಲ.

"ತಂಗಿ" ಎಂದಳು. ಮುಂದಿನ ಮಾತಿಗೆ ಬಹಳ ಹೊತ್ತು ತೆಗೆದುಕೊಂಡಳು. "ನನಗೆ ದುಃಖ ಆಗಿದೆ."

ಮೊಲ ಇನ್ನೂ ಏನಾದರೂ ಬರುತ್ತದೆಯೇನೋ ಎಂದು ಕಾದಳು. ಬರಲಿಲ್ಲ.

"ಕಳೀದೇ ಕೇಳಿಸಿಕೊಂಡೆ ಅಕ್ಕ" ಎಂದಳು. ಆಮೇಲೆ ತಾಯಿ ಮಗಳಿಬ್ಬರೂ ಹೊರಟುಹೋದರು.

ಹೊಂಡದವರು ಸಭೆ ಸೇರಿ ಒಂದು ನಿಯಮ ಮಾಡಿದರು. ಇನ್ನು ಮುಂದೆ ಬೆಂಕಿಯನ್ನು ಮಾತ್ರ ಬೆಂಕಿ ಎನ್ನಬೇಕು. ಬಿಸಿಲಿಗೆ, ಬಂಡೆಗೆ, ಹೂವಿಗೆ, ಮೆಣಸಿನಕಾಯಿಗೆ ಆ ಮಾತು ಸಲ್ಲದು. ಎಲ್ಲರೂ ಒಪ್ಪಿದರು. ಈ ನಿಯಮವನ್ನು ಅವರು ಇಂದಿಗೂ ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ ಎಂದು ತಿಳಿಸಲು ನನಗೆ ಸಂತೋಷವಾಗುತ್ತದೆ.

ಬಿಸಿಲು ಹೆಚ್ಚಾದರೆ ಅವರೀಗ ಅದನ್ನು ಪ್ರಳಯ ಎನ್ನುತ್ತಾರೆ.

ಗೌಜಕ್ಕ ಮಾತ್ರ ಹಾಗೆನ್ನುವುದಿಲ್ಲ. ಹುತ್ತದ ಮೇಲೆ ಕೂತು, ಬಿಸಿಲಿದ್ದರೆ "ಬಿಸಿಲು" ಎನ್ನುತ್ತಾಳೆ. ಒಂದು ಎಲೆ ಉದುರಿದರೆ "ಒಂದು ಎಲೆ ಉದುರಿತು" ಎನ್ನುತ್ತಾಳೆ. ಅವಳು ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ. ಅದನ್ನು ಕೇಳಲು ಈಗ ಯಾರೂ ಅತ್ತ ಹೋಗುವುದಿಲ್ಲ.

ನೀತಿ: ಮಾತನ್ನು ಹಿಗ್ಗಿಸಿ ಆಡುವುದರಲ್ಲಿ ತಪ್ಪಿಲ್ಲ, ಎಷ್ಟು ಹಿಗ್ಗಿಸಿದ್ದೇವೆಂದು ಕೇಳುವವರಿಗೆಲ್ಲ ಗೊತ್ತಿರುವತನಕ, ಆದರೆ ಪ್ರಾಣ ಉಳಿಸುವ ಮಾತನ್ನು ಆಟಕ್ಕೆ ಬಳಸಿ ಸವೆಸಿದರೆ, ಬೇಕಾದ ದಿನ ಅದು ಬಾಯಲ್ಲಿ ಇರುತ್ತದೆ, ಕಿವಿಗೆ ಮುಟ್ಟುವುದಿಲ್ಲ.